ತುರಹಳ್ಳಿ: ಸಿಂಗಾರ ಒಲ್ಲದ ಕಾಡು

ಬೆಂಗಳೂರಿನ ಹಸಿರು ಮಾರ್ಗದ ಮೆಟ್ರೊ ಹಿಡಿದು ಕನಕಪುರ ರಸ್ತೆಗುಂಟ ದಕ್ಷಿಣಕ್ಕೆ ಹೋದರೆ, ವಾಜರಹಳ್ಳಿ ಮತ್ತು ತಲಘಟ್ಟಪುರದ ಆಸುಪಾಸಿನಲ್ಲಿ ಅಪಾರ್ಟ್‌ಮೆಂಟುಗಳ ಬೆನ್ನಿಗೇ ಒಂದು ಕಾಡಿದೆ. ಸುಮಾರು 590 ಎಕರೆಯ ತುರಹಳ್ಳಿ ಅರಣ್ಯ. ಬನ್ನೇರುಘಟ್ಟದ ಸಫಾರಿ ಇಲ್ಲಿಲ್ಲ, ಲಾಲ್‌ಬಾಗಿನ ಗಾಜಿನ ಮನೆಯೂ ಇಲ್ಲ. ಬಂಡೆ, ಮುಳ್ಳು, ಹುಲ್ಲು, ಕಾಲುದಾರಿ: ಇಷ್ಟೇ ಇದರ ಬಂಡವಾಳ.

ಮಲೆನಾಡಿನ ಹಸಿರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾರ್ಚ್‌ನಲ್ಲಿ ಬಂದವರಿಗೆ ನಿರಾಸೆ ಖಚಿತ. ಇದು ಬಯಲುಸೀಮೆಯ ಕುರುಚಲು ಕಾಡು. ಅಡಿಯಲ್ಲಿರುವುದು ಲಾಲ್‌ಬಾಗಿನ ಗುಡ್ಡದಲ್ಲಿ ಕಾಣುವಂಥದೇ ನೈಸ್ ಶಿಲೆ. ವಯಸ್ಸು ಸುಮಾರು 300 ಕೋಟಿ ವರ್ಷ. ಅದರ ಮೇಲೆ ತೆಳು ಮಣ್ಣು. ಬಿದ್ದ ಮಳೆ ಬಹಳ ಹೊತ್ತು ನಿಲ್ಲದ ಇಂಥ ನೆಲದಲ್ಲಿ ಗಿಡಮರಗಳು ಎತ್ತರಕ್ಕೆ ಆಸೆಪಡುವುದಿಲ್ಲ. ಜಾಲಿ ಎಲೆಯನ್ನೇ ಚಿಕ್ಕದು ಮಾಡಿಕೊಂಡಿದೆ. ಬೇಸಿಗೆಯಲ್ಲಿ ಹಲವು ಮರಗಳು ಎಲೆ ಉದುರಿಸಿ ನೀರು ಉಳಿಸಿಕೊಳ್ಳುತ್ತವೆ. ಬೋಳಾಗಿ ಕಂಡಿತೆಂದು ಕಾಡು ಸತ್ತಿದೆ ಎಂದುಕೊಳ್ಳಬಾರದು. ಮುಂಗಾರಿನ ನಾಲ್ಕು ಹದಮಳೆ ಬಿದ್ದರೆ ಬಂಡೆಯ ಸಂದಿನಲ್ಲೂ ಹುಲ್ಲು ಚಿಗುರುತ್ತದೆ, ಹಿಂದೆಯೇ ಚಿಟ್ಟೆಗಳು ಬರುತ್ತವೆ.

ಈ ಕಾಡಿನ ಜೀವ ಇರುವುದು ಮರದ ತುದಿಗಿಂತ ಹೆಚ್ಚಾಗಿ ಮೊಣಕಾಲೆತ್ತರದ ಪೊದೆಯಲ್ಲಿ. ನವಿಲು, ಗೌಜಲಕ್ಕಿ ಎರಡೂ ನೆಲದ ಮೇಲೇ ಮೊಟ್ಟೆಯಿಡುವ ಹಕ್ಕಿಗಳು. ಮೊಲಕ್ಕೂ ಪೊದೆಯೇ ಮನೆ. ಹಾಗಾಗಿ ‘ಕಸದ ಗಿಡ’ ಎಂದು ಕೆಳಗಿನದನ್ನೆಲ್ಲ ಸವರಿ ಮರಗಳನ್ನಷ್ಟೇ ಉಳಿಸಿದರೆ ನೋಟಕ್ಕೆ ಚೊಕ್ಕಟವಾಗುತ್ತದೆ, ಗೂಡು ಕಟ್ಟಲು ಜಾಗವಿರುವುದಿಲ್ಲ.

ಇಲ್ಲಿಗೆ ಬರುವವರ ಬಯಕೆಗಳೂ ಈ ನೆಲಕ್ಕೆ ತಕ್ಕಂತಿವೆ. ಕೆಲವರಿಗೆ ಬೆಳಗಿನ ನಡಿಗೆ, ಕೆಲವರಿಗೆ ಏರಿಳಿತದ ಮಣ್ಣುದಾರಿಯಲ್ಲಿ ಓಟ, ಬೈನಾಕ್ಯುಲರ್ ತಂದವರಿಗೆ ಪಿಕಳಾರ, ಕಳ್ಳಿಪೀರ. ಬಂಡೆ ಹತ್ತುವವರಿಗಂತೂ ಇದು ಊರೊಳಗಿನ ಗರಡಿಮನೆ. ಹಗ್ಗವಿಲ್ಲದೆ ಗಿಡ್ಡ ಬಂಡೆಗಳನ್ನೇರುವ ಬೌಲ್ಡರಿಂಗ್‌ಗೆ ತುರಹಳ್ಳಿಯ ಒರಟು ಕಲ್ಲು ಹೇಳಿ ಮಾಡಿಸಿದಂತಿದೆ. ಹತ್ತುವವರು ಕೆಳಗೆ ದಪ್ಪ ಮೆತ್ತೆ ಹಾಸಿ, ಬೆರಳಿಗೆ ಬಿಳಿ ಪುಡಿ ಸವರಿಕೊಂಡು, ಒಂದೇ ಬಂಡೆಯ ಮುಂದೆ ಗಂಟೆಗಟ್ಟಲೆ ಕಳೆಯುತ್ತಾರೆ.

ಇಷ್ಟು ಸಾಲದೆಂದು 2021ರ ಆರಂಭದಲ್ಲಿ ಇಲ್ಲಿ ವೃಕ್ಷೋದ್ಯಾನ ಮಾಡುವ ಯೋಜನೆ ಬಂತು. ಉದ್ಯಾನ ಬೇಕೆನ್ನಬಹುದಾಗಿದ್ದ ಅಕ್ಕಪಕ್ಕದ ನಿವಾಸಿಗಳೇ ಬೇಡವೆಂದು ಬೀದಿಗಿಳಿದರು. ವಿರೋಧ ಬಲವಾದಾಗ ಸರ್ಕಾರ ಫೆಬ್ರುವರಿಯಲ್ಲಿ ಯೋಜನೆ ಕೈಬಿಟ್ಟಿತು. ನಡೆಯಲು ಕಾಲುದಾರಿ ಸಾಕು, ಕೂರಲು ಬಂಡೆ ಸಾಕು ಎಂಬುದು ದಿನಾ ಬರುವವರಿಗೆ ಗೊತ್ತಿತ್ತು.

ಹಾಗೆಂದು ಸುಮ್ಮನೆ ಬಿಟ್ಟರೆ ಕಾಡು ತಾನೇ ಉಳಿಯುತ್ತದೆ ಎನ್ನುವಂತಿಲ್ಲ. ಲಂಟಾನ ಪೊದೆ ಹಬ್ಬಿದಲ್ಲಿ ಸ್ಥಳೀಯ ಗಿಡಗಳ ಸಸಿ ಮೇಲೇಳುವುದು ಕಷ್ಟ. ಅದನ್ನು ಬೇರುಸಮೇತ ಕೀಳಬೇಕು. ಒಣಹುಲ್ಲಿಗೆ ಆರಿಸದ ಒಂದು ಬೀಡಿ ತುಂಡು ಬಿದ್ದರೆ ಗುಡ್ಡದ ಮಗ್ಗುಲೇ ಸುಟ್ಟುಹೋಗುತ್ತದೆ. ಬಿಟ್ಟುಹೋದ ಚಿಪ್ಸ್ ಪೊಟ್ಟಣ ಬೀದಿನಾಯಿಗಳನ್ನು ಕರೆತರುತ್ತದೆ, ನಾಯಿಗಳು ನೆಲದ ಗೂಡುಗಳನ್ನು ಉಳಿಸುವುದಿಲ್ಲ.

ಹೋಗುವವರು ಅರಣ್ಯ ಇಲಾಖೆಯ ಈಗಿನ ಸಮಯ, ನಿಯಮಗಳನ್ನು ಮೊದಲೇ ವಿಚಾರಿಸಿಕೊಳ್ಳಿ. ಸವೆದ ಹಾದಿ ಬಿಟ್ಟು ಹೊಸ ಅಡ್ಡದಾರಿ ಮಾಡಬೇಡಿ. ತಂದ ಕಸ ನಿಮ್ಮ ಚೀಲದಲ್ಲೇ ವಾಪಸು ಬರಲಿ. ಸ್ಪೀಕರ್ ಮನೆಯಲ್ಲಿರಲಿ. ಹಸಿರು ನೋಡಬೇಕಿದ್ದರೆ ಜುಲೈಯಿಂದ ನವೆಂಬರ್ ಒಳ್ಳೆಯ ಕಾಲ. ಈ ಕಾಡು ಬದುಕುವ ಬಗೆ ತಿಳಿಯಬೇಕಿದ್ದರೆ ಏಪ್ರಿಲ್‌ನಲ್ಲೂ ಒಮ್ಮೆ ಹೋಗಬೇಕು.