ಕೇಳದೆ ಕೊಟ್ಟ ತೀರ್ಪು



ಊರಿನ ಪಂಚಾಯಿತಿ ಕಟ್ಟೆಯ ಮೇಲೆ ಕುಳಿತು ಎರಡೂ ಕಡೆಯ ಮಾತು ಕೇಳಿ ನ್ಯಾಯ ಹೇಳಿದ ಹಿರಿಯರು ನಿಮ್ಮಲ್ಲಿ ಅನೇಕರಿದ್ದೀರಿ. ಒಬ್ಬನ ದೂರು ಕೇಳಿದೊಡನೆ ಇನ್ನೊಬ್ಬನಿಗೆ ದಂಡ ಹಾಕುವವನನ್ನು ಊರು ಹಿರಿಯನೆಂದು ಒಪ್ಪುವುದಿಲ್ಲ. ಆದರೆ ನಮ್ಮವರೇ ಕಾರ್ಖಾನೆಯ ಮೇಲ್ವಿಚಾರಕರಾಗಿ, ಸಹಕಾರ ಸಂಘದ ನಿರ್ದೇಶಕರಾಗಿ, ಶಾಲೆ ಕಾಲೇಜುಗಳ ಆಡಳಿತ ಮಂಡಳಿಯ ಸದಸ್ಯರಾಗಿ ಕುರ್ಚಿಯಲ್ಲಿ ಕುಳಿತಾಗ ಕಟ್ಟೆಯ ಆ ನೀತಿ ಮರೆತುಹೋಗುತ್ತದೆ. ಪರರಿಗೆ ಬುದ್ಧಿ ಹೇಳುವ ಮೊದಲು ನಮ್ಮದೇ ತಪ್ಪೊಂದನ್ನು ನಿಮ್ಮ ಮುಂದಿಡುವುದು ಉಚಿತ.

ಅನೇಕ ವರ್ಷಗಳ ಹಿಂದಿನ ಮಾತು. ನಾವು ಅಧ್ಯಕ್ಷರಾಗಿದ್ದ ಒಂದು ವಿದ್ಯಾರ್ಥಿ ನಿಲಯದಲ್ಲಿ ಉಗ್ರಾಣದ ಅಕ್ಕಿ ಲೆಕ್ಕಕ್ಕಿಂತ ಕಡಿಮೆ ಬಂತು. ಅಡುಗೆಯವನೇ ಕದ್ದನೆಂದು ಉಗ್ರಾಣದ ಲೆಕ್ಕ ಬರೆಯುವವರು ಹೇಳಿದರು. ಕಾಗದ ಮುಂದಿಟ್ಟರು, ನಾವು ಸಹಿ ಹಾಕಿದೆವು. ಅಡುಗೆಯವನು ಅಂದೇ ಮನೆಗೆ ಹೋದ. ಎರಡು ತಿಂಗಳ ಮೇಲೆ ಹೊಸದಾಗಿ ಬಂದ ಮೂಟೆಗಳನ್ನು ತೂಗಿಸಿದಾಗ ನಿಜ ತಿಳಿಯಿತು. ಅಂಗಡಿಯಿಂದ ಬರುತ್ತಿದ್ದ ಮೂಟೆಯೇ ತೂಕದಲ್ಲಿ ಕಡಿಮೆ. ತೂಗಿ ನೋಡದೆ ಪುಸ್ತಕದಲ್ಲಿ ಬರೆದುಕೊಂಡವರೇ ಆರೋಪ ಮಾಡಿದವರು. ಅವನನ್ನು ಕರೆಸಿದೆವು. ಅವನು ಅಳಲಿಲ್ಲ, ಬೈಯಲಿಲ್ಲ. “ಬುದ್ಧೀ, ಕದ್ದಿದ್ರೆ ಶಿಕ್ಷೆ ಕೊಡಬೇಕಾದದ್ದೇ. ಆದ್ರೆ ಒಂದೇ ಒಂದ್ಸಲ ನನ್ನನ್ನೂ ಕೇಳಬಹುದಿತ್ತು” ಎಂದ. ಕೆಲಸ ಮರಳಿ ಕೊಟ್ಟೆವು, ಎರಡು ತಿಂಗಳ ಸಂಬಳವನ್ನೂ ಕೊಟ್ಟೆವು. ಆದರೆ ಅಷ್ಟರಲ್ಲಿ, ಕಳ್ಳನ ಮನೆಯ ಹೆಣ್ಣು ಬೇಡವೆಂದು ಅವನ ಮಗಳ ಸಂಬಂಧ ಮುರಿದುಹೋಗಿತ್ತು. ಅದನ್ನು ಮರಳಿ ಕೊಡುವ ಶಕ್ತಿ ಯಾವ ಪೀಠಕ್ಕಿದೆ?

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ನಮಗೆ ಗೊತ್ತಿರಲಿಲ್ಲವೆ? ಗೊತ್ತಿತ್ತು. ಆದರೆ ಗಾದೆ ಬಾಯಲ್ಲಿತ್ತು, ಸಹಿ ಕೈಯಲ್ಲಿತ್ತು.

ಶರಣರು ದುಡಿಮೆಯನ್ನು ಕಾಯಕವೆಂದು ಕರೆದರು. ಕಾಯಕವೆಂದರೆ ಬರಿಯ ಕೂಲಿಯಲ್ಲ; ಮನುಷ್ಯನ ಮಾನ, ಅವನ ಪೂಜೆ. ನುಲಿಯ ಚಂದಯ್ಯನ ಕಥೆಯನ್ನು ನೀವು ಬಲ್ಲಿರಿ. ಹುಲ್ಲು ಕೊಯ್ಯುವಾಗ ಇಷ್ಟಲಿಂಗ ಕಳಚಿ ನೀರಿಗೆ ಬೀಳುತ್ತದೆ. ಚಂದಯ್ಯ ಅದನ್ನು ಬಿಟ್ಟು ನಡೆಯುತ್ತಾನೆ. ಲಿಂಗವೇ ಅವನ ಬೆನ್ನು ಹತ್ತುತ್ತದೆ. ಆಗ ನಡುವೆ ನಿಂತವನು ಮಡಿವಾಳ ಮಾಚಯ್ಯ. ದೂರು ತಂದದ್ದು ಸಾಕ್ಷಾತ್ ಲಿಂಗ, ಎದುರಿಗೆ ನಿಂತವನು ಹಗ್ಗ ಹೊಸೆಯುವ ಬಡವ. ಆದರೂ ಚಂದಯ್ಯನ ಮಾತು ಹೊರಗುಳಿಯಲಿಲ್ಲ. ದೇವರು ಫಿರ್ಯಾದಿಯಾದರೂ ಬಡವನನ್ನು ಕೇಳಬೇಕೆಂಬುದೇ ಈ ಕಥೆಯಿಂದ ನಾವು ಕಲಿಯಬೇಕಾದ ಪಾಠ.

ಇನ್ನು ಕೇಳುವುದೆಂದರೆ ಏನು? ನೋಟೀಸು ಕಳುಹಿಸಿ, ದಿನ ಗೊತ್ತುಮಾಡಿ, ಬರದಿದ್ದರೆ ಅವನದೇ ತಪ್ಪು ಎಂದರೆ ಕೇಳಿದಂತಾಯಿತೆ? ಈ ಪ್ರಶ್ನೆಗೆ ನಮ್ಮ ನಾಡಿನ ಕೋಲಾರ ಚಿನ್ನದ ಗಣಿಯ ಒಂದು ಪ್ರಕರಣ ಉತ್ತರ ಕೊಡುತ್ತದೆ. ಅಲ್ಲಿಯ ಭದ್ರತಾ ಅಧಿಕಾರಿಯೊಬ್ಬರ ಮನೆಯಲ್ಲಿ ಚಿನ್ನ ಸಿಕ್ಕಿತೆಂಬ ಆರೋಪದ ಮೇಲೆ 1985ರ ಜೂನ್‌ನಲ್ಲಿ ಅವರನ್ನು ಅಮಾನತಿನಲ್ಲಿಟ್ಟರು. ಅಮಾನತಿನ ಕಾಲದಲ್ಲಿ ಕೊಡಬೇಕಾದ ಜೀವನಾಧಾರ ಭತ್ಯೆಯನ್ನು ಕೊಡಲಿಲ್ಲ. ಅವರು ದೂರದ ಕೇರಳದಲ್ಲಿದ್ದರು. ಕಾಯಿಲೆ ಒಂದು ಕಡೆ, ಕೈಯಲ್ಲಿ ಕಾಸಿಲ್ಲದ ಸ್ಥಿತಿ ಇನ್ನೊಂದು ಕಡೆ. ಅವರ ಗೈರುಹಾಜರಿಯಲ್ಲೇ ವಿಚಾರಣೆ ಮುಗಿದು 1986ರಲ್ಲಿ ಕೆಲಸ ಹೋಯಿತು. 1987ರಲ್ಲಿ ಕ್ರಿಮಿನಲ್ ನ್ಯಾಯಾಲಯ ಅದೇ ಆರೋಪದಿಂದ ಅವರನ್ನು ಬಿಡುಗಡೆ ಮಾಡಿತು. ಮರಳಿ ಕೆಲಸ ಸಿಗಲು ಅವರು ಸುಪ್ರೀಂ ಕೋರ್ಟಿನವರೆಗೆ ಹೋಗಬೇಕಾಯಿತು. ತೀರ್ಪು ಬಂದದ್ದು 1999ರ ಮಾರ್ಚ್‌ನಲ್ಲಿ. ಅನ್ನಕ್ಕೆ ದಾರಿಯಿಲ್ಲದಂತೆ ಮಾಡಿ ಬಂದು ಉತ್ತರ ಕೊಡು ಎನ್ನುವುದು ಅವಕಾಶ ಕೊಟ್ಟಂತಲ್ಲ ಎಂಬುದು ಆ ತೀರ್ಪಿನ ಸಾರ. ನ್ಯಾಯ ಸಿಕ್ಕಿತು, ನಿಜ. ಆದರೆ ನಡುವೆ ಸುಮಾರು 14 ವರ್ಷ ಕಳೆದುಹೋದವು.

ಆದ್ದರಿಂದ ಅಧಿಕಾರದಲ್ಲಿರುವ ಭಕ್ತರು ನಾಲ್ಕು ಮಾತುಗಳನ್ನು ಮನಸ್ಸಿನಲ್ಲಿಡಬೇಕು. ಮೊದಲನೆಯದು, ಆರೋಪವೇನೆಂದು ಅವನಿಗೆ ತಿಳಿಯುವ ಭಾಷೆಯಲ್ಲಿ ಬರೆದು ಕೊಡಬೇಕು. ಉತ್ತರಿಸಲು ದಿನ ಕೊಡಬೇಕು. ಎರಡನೆಯದು, ದೂರು ಕೊಟ್ಟವನೇ ತೀರ್ಪುಗಾರನಾಗಬಾರದು. ಮೂರನೆಯದು, ಸಾಕ್ಷಿಗಳು ಅವನ ಎದುರಿಗೆ ಹೇಳಬೇಕು, ಅವರನ್ನು ಪ್ರಶ್ನಿಸಲು ಅವನಿಗೆ ಅವಕಾಶ ಇರಬೇಕು. ನಾಲ್ಕನೆಯದು, ತಪ್ಪು ರುಜುವಾತಾದರೂ ಶಿಕ್ಷೆ ತಪ್ಪಿನ ತೂಕಕ್ಕೆ ತಕ್ಕಷ್ಟೇ ಇರಬೇಕು. ಒಂದು ದಿನ ತಡವಾಗಿ ಬಂದವನಿಗೂ ಗಲ್ಲಾಪೆಟ್ಟಿಗೆಗೆ ಕೈಹಾಕಿದವನಿಗೂ ಒಂದೇ ದಂಡವಾದರೆ ಅದು ಶಿಸ್ತಲ್ಲ, ಸಿಟ್ಟು. ವಿಚಾರಣೆ ನಡೆಯುವಷ್ಟು ಕಾಲ ಅವನ ಮನೆಯ ಒಲೆ ಆರಬಾರದು. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯೂ ದೊಡ್ಡ ಕೈಗಾರಿಕೆಗಳಲ್ಲಿ ಅಮಾನತಾದವನಿಗೆ ಮೊದಲ 90 ದಿನ ವೇತನದ ಅರ್ಧದಷ್ಟು, ಆಮೇಲೆ ವಿಳಂಬ ಅವನಿಂದಾಗಿಲ್ಲವಾದರೆ ನೂರಕ್ಕೆ 75ರಷ್ಟು ಭತ್ಯೆ ಕೊಡಬೇಕೆನ್ನುತ್ತದೆ.

ದಂಡನೆಯ ಮಾತು ಇಷ್ಟಾಯಿತು. ದುಡಿಯುವವನ ದೂರಿನದು ಇನ್ನೊಂದು ಮುಖ. ಮೇಲಿನವರ ಮೇಲೆ ದೂರು ಹೇಳಿದವನನ್ನೇ ಉದ್ಧಟನೆಂದು ಹೆಸರಿಟ್ಟು ದೂರ ಇಡುವ ಚಾಳಿ ಎಲ್ಲೆಡೆ ಇದೆ. ಅದೇ ಸಂಹಿತೆ, 20 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಕೈಗಾರಿಕಾ ಸಂಸ್ಥೆಗಳಲ್ಲಿ ಕುಂದುಕೊರತೆ ನಿವಾರಣಾ ಸಮಿತಿ ಇರಬೇಕು, ಅದರಲ್ಲಿ ಎರಡೂ ಕಡೆಯವರು ಸಮಸಂಖ್ಯೆಯಲ್ಲಿರಬೇಕು, 30 ದಿನಗಳೊಳಗೆ ವಿಚಾರಣೆ ಮುಗಿಸಬೇಕು ಎಂದು ಹೇಳುತ್ತದೆ. ಆದರೆ ಸಮಿತಿ ಇದ್ದು ಕಿವಿ ಇಲ್ಲದಿದ್ದರೆ ಫಲವೇನು? ಸಣ್ಣ ಸಂಸ್ಥೆಗಳಲ್ಲಿ ಸಮಿತಿ ಇಲ್ಲದಿದ್ದರೂ ವಾರಕ್ಕೊಮ್ಮೆ ಯಜಮಾನನು ಕುಳಿತು ಕೇಳಿದರೆ ಎಷ್ಟೋ ಸಂಕಟಗಳು ಅಲ್ಲಿಗೇ ತೀರುತ್ತವೆ.

ದುಡಿಯುವವರಿಗೂ ಒಂದು ಮಾತು. ಆರೋಪಪತ್ರ ಬಂದಾಗ ಹೆದರಿ ಮನೆಯಲ್ಲಿ ಕೂರಬೇಡಿ, ಸಿಟ್ಟಿನಿಂದ ಹರಿಯಲೂ ಬೇಡಿ. ಓದಿಸಿ ಕೇಳಿ, ಗೊತ್ತಿದ್ದದ್ದನ್ನು ಬರೆಸಿ, ಕರೆದ ದಿನ ಹೋಗಿ. ಬರಲಾಗದಿದ್ದರೆ ಕಾರಣ ಬರೆದು ತಿಳಿಸಿ. ತಪ್ಪು ನಡೆದಿದ್ದರೆ ಒಪ್ಪಿಕೊಳ್ಳಿ. ಒಪ್ಪಿಕೊಂಡ ತಪ್ಪು ಅರ್ಧ ಹಗುರ.

ಆ ಅಡುಗೆಯವನು ಆಮೇಲೆಯೂ ಬಹುಕಾಲ ಮಕ್ಕಳಿಗೆ ಅನ್ನ ಬಡಿಸಿದ. ಅಂದಿನಿಂದ ಯಾರ ಮೇಲೆ ದೂರು ಬಂದರೂ, ಕಾಗದದ ಮೇಲೆ ಕೈಯಿಡುವ ಮೊದಲು ಅವರನ್ನು ಕರೆಸಿ ಮಾತನಾಡಿಸುವುದು ನಮ್ಮ ನಿಯಮವಾಗಿದೆ. ಒಬ್ಬರ ಅನ್ನದ ಮೇಲೆ ಸಹಿ ಹಾಕುವ ಅಧಿಕಾರ ಯಾರಿಗಿದೆಯೋ ಅವರೆಲ್ಲರಿಗೂ ಕೇಳುವ ತಾಳ್ಮೆಯನ್ನು ಭಗವಂತನು ಕರುಣಿಸಲಿ ಎಂದು ಹಾರೈಸುತ್ತೇವೆ.