ಕೆರೆಯಂಗಳದ ವಿಮಾನ ನಿಲ್ದಾಣ

ಮಾಘ ಕಳೆದು ಬಿಸಿಲು ಏರತೊಡಗಿತೆಂದರೆ, ಮದ್ದೂರಿನಿಂದ ಮಳವಳ್ಳಿಗೆ ಹೋಗುವ ಹಾದಿಯ ಆಸುಪಾಸಿನ ಸಣ್ಣ ಕೆರೆಗಳಲ್ಲಿ ಕೆಲವು ಬತ್ತಿ, ಅವುಗಳ ಅಂಗಳ ಒಣಗಿ ಗಟ್ಟಿಯಾಗುತ್ತದೆ. ಹಳ್ಳಿಯ ಹುಡುಗರಿಗೆ ಅದು ಕ್ರಿಕೆಟ್ ಮೈದಾನ. ಮಂಡ್ಯದಲ್ಲಿ ಎಂಜಿನಿಯರಿಂಗ್ ಓದುತ್ತಿರುವ ನನ್ನ ಅಕ್ಕನ ಮಗನಿಗೋ, ವಿಮಾನ ನಿಲ್ದಾಣ!

ಅವನ ವಿಮಾನ ರೆಕ್ಕೆಯ ತುದಿಯಿಂದ ತುದಿಗೆ ಒಂದು ಮಾರು ಉದ್ದವಿದೆ. ಹಗುರವಾದ ಬಾಲ್ಸಾ ಮರದ ಮೈ. ಕೈಯಲ್ಲಿರುವ ರೇಡಿಯೋ ಪೆಟ್ಟಿಗೆಯಿಂದಲೇ ಅದರ ನಿಯಂತ್ರಣವೆಲ್ಲ. ಮೊದಲು ಇದ್ದದ್ದು ಮೆಥನಾಲ್ ಕುಡಿಯುವ ಎಂಜಿನ್. ಆ ಇಂಧನವನ್ನು ಬೆಂಗಳೂರಿನಿಂದ ತರಿಸಬೇಕು, ಬೆಲೆಯೂ ವಿಪರೀತ. ಆದುದರಿಂದ ಎರಡು ವರ್ಷ ಕೂಡಿಟ್ಟ ಹಣವನ್ನೆಲ್ಲ ಸುರಿದು 20 ಸಿ.ಸಿ.ಯ ಪೆಟ್ರೋಲ್ ಎಂಜಿನೊಂದನ್ನು ಕೊಂಡು ತಂದ. "ಪೆಟ್ರೋಲ್ ಡಬ್ಬ ಮನೆಯೊಳಗೆ ಬಂದರೆ ನೀನು ಹೊರಗೆ" ಎಂದು ಅಕ್ಕ ಹೇಳಿದ್ದರಿಂದ, ಕೆಲಸವೆಲ್ಲ ನಮ್ಮ ಮನೆಯ ಹಿತ್ತಿಲಿನಲ್ಲಿ ನಡೆಯಿತು.

ಆಟದ ವಿಮಾನಕ್ಕೆ ಪೆಟ್ರೋಲು ಹೊಸದಲ್ಲ. ಅಮೆರಿಕದ ಗುಡ್ ಸಹೋದರರು 1937ರಲ್ಲಿ ರೇಡಿಯೋ ನಿಯಂತ್ರಿತ ವಿಮಾನ ಹಾರಿಸಿದ ಕಾಲದಲ್ಲಿ ಇಂಥ ಎಂಜಿನ್‌ಗಳೆಲ್ಲ ಪೆಟ್ರೋಲಿನವೇ. 1947ರಲ್ಲಿ ಕಿಡಿಯ ಬದಲು ಕೆಂಪಗೆ ಕಾದ ತಂತಿಯಿಂದಲೇ ಉರಿಯುವ ಗ್ಲೋ ಪ್ಲಗ್ ಬಂದ ಮೇಲೆ ಮೆಥನಾಲಿನ ರಾಜ್ಯಭಾರ ನಡೆಯಿತು.

ಎಂಜಿನ್ ಕೂರಿಸುವುದೆಂದರೆ ನಾಲ್ಕು ಬೋಲ್ಟು ಬಿಗಿಯುವುದೆಂದು ನಾನು ತಿಳಿದಿದ್ದೆ. ಅದು ಕೊನೆಯ ಕೆಲಸ! ಪೆಟ್ರೋಲ್ ಎಂಜಿನ್ ಹೆಚ್ಚು ನಡುಗುತ್ತದೆ. ಆದ್ದರಿಂದ ಮೂಗಿನ ಹಿಂದಿನ ಅಡ್ಡಹಲಗೆಗೆ ದಪ್ಪ ಪ್ಲೈವುಡ್ ಸೇರಿಸಿ, ಎಣ್ಣೆ ಹೀರದಂತೆ ಎಪಾಕ್ಸಿ ಬಳಿಯಬೇಕಾಯಿತು. ಹೊಸ ಎಂಜಿನ್ ಹಳೆಯದಕ್ಕಿಂತ ಭಾರ. ವಿಮಾನದ ತೂಕದ ಕೇಂದ್ರವು ರೆಕ್ಕೆಯ ಮುಂಭಾಗದ ಕಾಲಂಶದಿಂದ ಮೂರನೆಯ ಒಂದಂಶದ ನಡುವೆ ಇರಬೇಕೆಂಬುದು ನಿಯಮ. ಇಲ್ಲವಾದರೆ ಮೂಗು ನೆಲಕ್ಕೆ ಕುಸಿಯುತ್ತದೆ. ಬ್ಯಾಟರಿಯನ್ನು ಬಾಲದ ಕಡೆಗೆ ಸರಿಸಿ, ರೆಕ್ಕೆಯ ಕೆಳಗೆ ಎರಡು ಬೆರಳು ಕೊಟ್ಟು ಎತ್ತಿ, ಮತ್ತೆ ಸರಿಸಿ, ಇಡೀ ಒಂದು ಭಾನುವಾರ ಕಳೆಯಿತು.

ಸ್ಪಾರ್ಕ್ ಪ್ಲಗ್ಗಿನ ಕಿಡಿ ಸಹ ಒಂದು ಬಗೆಯ ರೇಡಿಯೋ ಪ್ರಸಾರವೇ! ಆದ್ದರಿಂದ ಕಿಡಿಯ ಪೆಟ್ಟಿಗೆ ಮುಂದೆ, ರೇಡಿಯೋ ಗ್ರಾಹಕ ಹಿಂದೆ, ನಡುವೆ ಒಂದಡಿ ಅಂತರ, ಎರಡಕ್ಕೂ ಬೇರೆ ಬೇರೆ ಬ್ಯಾಟರಿ. ಕಾರ್ಬುರೇಟರಿಗೆ ಹೋಗುವ ಕಡ್ಡಿಯೂ ಲೋಹದ್ದಾಗದೆ ನೈಲಾನಿನದಾಯಿತು.

ಇನ್ನು ನಮ್ಮ ಜಿಲ್ಲೆಗೇ ವಿಶೇಷವಾದ ತೊಡಕೊಂದು. 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾದಂದಿನಿಂದ ಮಂಡ್ಯವೆಂದರೆ ಸಕ್ಕರೆ. ಈಗ ಕಬ್ಬಿನ ಸಾರವೇ ಎಥನಾಲಾಗಿ ಬಂಕಿನ ಪೆಟ್ರೋಲಿಗೆ ನೂರಕ್ಕೆ ಇಪ್ಪತ್ತರಷ್ಟು ಬೆರೆಯುತ್ತಿದೆ. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ವಾರಗಟ್ಟಲೆ ಒಳಗೇ ಬಿಟ್ಟರೆ ಕಾರ್ಬುರೇಟರಿನ ತೆಳುವಾದ ರಬ್ಬರ್ ಪೊರೆಯನ್ನು ಕೆಡಿಸೀತು. ಹಾರಾಟ ಮುಗಿದೊಡನೆ ತೊಟ್ಟಿಯನ್ನು ಬರಿದು ಮಾಡಿ, ಕಾರ್ಬುರೇಟರಿನಲ್ಲಿ ಉಳಿದುದು ತೀರುವವರೆಗೆ ಎಂಜಿನ್ ಓಡಿಸಬೇಕು. ಇಂಧನದ ಸೂಜಿಯನ್ನೂ ತುಸು ಹೆಚ್ಚು ತೆರೆಯಬೇಕು. ಕಬ್ಬು ನಮ್ಮದೇ ಆದರೂ ಎಚ್ಚರ ತಪ್ಪುವಂತಿಲ್ಲ.

ಇಷ್ಟೆಲ್ಲ ಎಚ್ಚರ ವಹಿಸಿದವನು ಒಂದು ಗೇಣಿಗಿಂತ ಚಿಕ್ಕದಾದ ಕೊಳವೆಯನ್ನು ಮರೆತ. ಮೆಥನಾಲಿಗೆ ಸಿಲಿಕೋನ್ ಕೊಳವೆ ಆಗುತ್ತದೆ. ಪೆಟ್ರೋಲಿನಲ್ಲಿ ಅದು ಉಬ್ಬಿ ಸಡಿಲವಾಗುತ್ತದೆ. ಹೊರಗಿನ ಕೊಳವೆಗಳನ್ನೆಲ್ಲ ಬದಲಿಸಿದ್ದ. ತೊಟ್ಟಿಯೊಳಗಿನದು ಮಾತ್ರ ಹಳೆಯದೇ ಉಳಿದಿತ್ತು.

ಮೊದಲ ಹಾರಾಟದ ನಾಲ್ಕನೆಯ ನಿಮಿಷ. ವಿಮಾನ ಮೂಗೆತ್ತಿ ಏರುತ್ತಿದ್ದಂತೆ ಒಳಗಿನ ಕೊಳವೆ ಜಾರಿತು. ಎಂಜಿನ್ ಪೆಟ್ರೋಲಿನ ಬದಲು ಗಾಳಿ ಹೀರಿ ನಿಂತಿತು. ಏರಿಯ ಆಚೆಯ ಕಬ್ಬಿನ ಗದ್ದೆಯ ಮೇಲೆ ನಿಶ್ಶಬ್ದವಾಗಿ ತೇಲಿ, ಕಣ್ಮರೆಯಾಯಿತು. ಮೂರು ಗಂಟೆ ಹುಡುಕಿದೆವು. ಎಲೆಯ ಅಲಗಿಗೆ ಕೈ ಮುಖ ಗೀರಿತು. ಕೊನೆಗೆ ಅದನ್ನು ಹೊತ್ತು ತಂದವರು ಗದ್ದೆಯ ಯಜಮಾನರೇ. ಬೈಯಲಿಲ್ಲ. ಹೊಗೆಕೊಳವೆಯನ್ನು ತೋರಿಸಿ, "ತರಗಿಗೆ ಬೆಂಕಿ ಬಿದ್ದಿದ್ರೆ ವರ್ಸದ ಬಾಳೆಲ್ಲ ಬೂದಿಯಾಗೋಗ್ತಿತ್ತಲ್ಲ ಮಗಾ" ಎಂದರು. ಹುಡುಗ ತಲೆ ಎತ್ತಲಿಲ್ಲ. ಒಂದು ತಿಂಗಳು ವಿಮಾನವನ್ನು ಮುಟ್ಟಲೂ ಇಲ್ಲ.

ಆಗ ಅವನಿಗೆ ಕೋಲಾರದ ಕಥೆ ಹೇಳಿದೆ. ಬೆಂಗಳೂರಿನ ರಕ್ಷಣಾ ವಿಜ್ಞಾನಿಗಳ 'ನಿಶಾಂತ್' ಎಂಬ ಪೈಲಟ್‌ರಹಿತ ವಿಮಾನ ಬಹುಕಾಲ ವಿದೇಶಿ ಎಂಜಿನಿನಿಂದಲೇ ಹಾರುತ್ತಿತ್ತು. ನಮ್ಮವರೇ ರೂಪಿಸಿದ, 55 ಅಶ್ವಶಕ್ತಿಯ ವಾಂಕೆಲ್ ಎಂಜಿನನ್ನು ಅದಕ್ಕೆ ಕೂರಿಸಿ ಹಾರಿಸಿದ್ದು 2009ರ ಏಪ್ರಿಲ್‌ನಲ್ಲಿ, ಕೋಲಾರದಲ್ಲಿ. ಅದು ಕ್ಷೇಮವಾಗಿ ಇಳಿದದ್ದೂ ಬತ್ತಿದ ಒಂದು ಕೆರೆಯಂಗಳದಲ್ಲೇ! (ಮಳವಳ್ಳಿ ಸೀಮೆಗೂ ಕೋಲಾರಕ್ಕೂ ಹಳೆಯ ನಂಟಿದೆ, 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಮೊದಲು ಹೋದದ್ದು ಅಲ್ಲಿನ ಚಿನ್ನದ ಗಣಿಗಳಿಗೆ.) "ಅವರು ಕೊಳವೆ ಮರೆತಿರಲಿಲ್ಲ, ಮಾವ" ಎಂದ. ಆದರೂ ಮರುದಿನ ತೊಟ್ಟಿಯನ್ನು ಬಿಚ್ಚಿ ಕುಳಿತಿದ್ದ.

ಈಗ ತೊಟ್ಟಿಯ ಒಳಗೂ ಹೊರಗೂ ಪೆಟ್ರೋಲಿಗೆ ತಾಳುವ ಕೊಳವೆಯೇ. ರೇಡಿಯೋ ಸಂಕೇತ ತಪ್ಪಿದರೆ ಕಿಡಿ ತಾನಾಗಿ ಕಡಿಯುತ್ತದೆ. ಬೇಕೆಂದಾಗ ಕಡಿಯಲು ಕೈಪೆಟ್ಟಿಗೆಯಲ್ಲೂ ಒಂದು ಗುಂಡಿಯಿದೆ. 2021ರ ಡ್ರೋನ್ ನಿಯಮಗಳ ಪ್ರಕಾರ ಆಟದ ವಿಮಾನ 25 ಕಿಲೋ ಮೀರಬಾರದು, ಹಾರಿಸುವವನ ಕಣ್ಣಳತೆ ದಾಟಬಾರದು. ಹಾರಾಟಕ್ಕೆ ಮುನ್ನ ಸರ್ಕಾರದ ವಾಯುಪ್ರದೇಶ ನಕ್ಷೆಯನ್ನು ನೋಡುವುದೂ ಅವನಿಗೆ ರೂಢಿಯಾಗಿದೆ. ಕಬ್ಬು ನಿಂತಿರುವ ಕಡೆಗೆ ಮೂಗು ತಿರುಗಿಸುವುದೇ ಇಲ್ಲ.

ಕಳೆದ ಭಾನುವಾರ ಒಂಬತ್ತು ನಿಮಿಷ ಹಾರಿತು. ಏರಿಯ ಮೇಲೆ ಗದ್ದೆಯ ಯಜಮಾನರು ತಮ್ಮ ಮೊಮ್ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು ನಿಂತಿದ್ದರು. ಪಕ್ಕದಲ್ಲಿ, ಅವರೇ ತುಂಬಿಸಿ ತಂದ ಎರಡು ಕೊಡ ನೀರಿತ್ತು.