ಟಾನ್ಸಿಲ್ ಆಪರೇಷನ್ ಆಯ್ತು, ಮನೆಗೆ ಬಂದ್ರಿ... ಮುಂದೆ?

ಆಪರೇಷನ್ ಸಣ್ಣದು, ನಿಜ. ಆದರೆ ಟಾನ್ಸಿಲ್ ತೆಗೆಸಿಕೊಂಡ ಮಗು ಪೂರ್ತಿ ಚೇತರಿಸಿಕೊಳ್ಳೋಕೆ ಹತ್ತರಿಂದ ಹದಿನಾಲ್ಕು ದಿನ ಬೇಕು. ಹಾಸನದಲ್ಲಿ ಆಪರೇಷನ್ ಮಾಡಿಸಿ ಅರಸೀಕೆರೆ, ಬೇಲೂರು, ಹಳೇಬೀಡಿಗೆ ಮರಳುವವರ ಮನೆಗೂ ಆಸ್ಪತ್ರೆಗೂ 30–45 ಕಿ.ಮೀ. ದೂರ. ಹಾಗಾಗಿ ಯಾವುದು ಸಹಜ, ಯಾವುದು ಅಪಾಯ ಅನ್ನೋದು ಮೊದಲೇ ಗೊತ್ತಿರಲಿ.

ಎಚ್ಚರವಾದಾಗ

ಅರಿವಳಿಕೆ ಇಳಿಯುವಾಗ ಕೆಲವು ಮಕ್ಕಳು ಕಿರುಚುತ್ತಾರೆ, ಒದೆಯುತ್ತಾರೆ, ಅಮ್ಮನನ್ನೂ ಗುರುತು ಹಿಡಿಯಲ್ಲ. ಸೆವೋಫ್ಲುರೇನ್‌ನಂಥ ಅನಿಲ ಕೊಟ್ಟಾಗ, ಅದರಲ್ಲೂ ಶಾಲೆಗೆ ಸೇರುವ ಮುಂಚಿನ ವಯಸ್ಸಿನವರಲ್ಲಿ ಇದು ಹೆಚ್ಚು. ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ತಣ್ಣಗಾಗುತ್ತೆ. ಗದರಿಸಬೇಡಿ, ಬೀಳದಂತೆ ಹಿಡಿದು, ಮೆಲ್ಲಗೆ ಮಾತಾಡಿಸಿ. ಆಮೇಲೆ ಒಂದೆರಡು ಸಲ ವಾಂತಿ ಆಗಬಹುದು. ನುಂಗಿದ ಹಳೇ ರಕ್ತ ಕಂದು ಬಣ್ಣದಲ್ಲಿ ಬರೋದೂ ಉಂಟು.

ನೋವು, ಊಟ

ಗಂಟಲಲ್ಲಿ ಬಿಳಿ ಪೊರೆ, ಬಾಯಿ ವಾಸನೆ, ಕಿವಿನೋವು: ಇವೆಲ್ಲ ಸಹಜ. ನೋವಿನ ಔಷಧಿಯನ್ನ ಮಗು ಅತ್ತಾಗ ಮಾತ್ರ ಕೊಡದೆ, ಡಾಕ್ಟರ್ ಹೇಳಿದ ಹೊತ್ತಿಗೆ ಸರಿಯಾಗಿ ಕೊಡಿ. ಆಸ್ಪಿರಿನ್ ಬೇಡ. ಕೋಡೀನ್ ಇರುವ ಔಷಧಿ ಬೇಡವೇ ಬೇಡ. ಟಾನ್ಸಿಲ್ ಆಪರೇಷನ್ ನಂತರ ಅದು ಕೆಲ ಮಕ್ಕಳ ಉಸಿರಾಟವನ್ನೇ ನಿಧಾನ ಮಾಡಿದ್ದರಿಂದ ಅಮೆರಿಕದ ಎಫ್‌ಡಿಎ 2013ರಲ್ಲೇ ಕಟ್ಟುನಿಟ್ಟಿನ ಎಚ್ಚರಿಕೆ ಕೊಟ್ಟಿದೆ. ಮನೇಲಿ ಉಳಿದ ಕೆಮ್ಮಿನ ಸಿರಪ್ ಕೊಡೋ ಮುಂಚೆ ಕೇಳಿ.

ಗಂಟಲು ಒಣಗಿದಷ್ಟೂ ನೋವು ಜಾಸ್ತಿ. ನೀರು, ಎಳನೀರು, ಆರಿದ ಗಂಜಿ, ಮೊಸರನ್ನ ಕೊಡಿ. "ಐಸ್‌ಕ್ರೀಮ್ ಕೊಟ್ರೆ ಶೀತ ಆಗಲ್ವೇನೋ?" ಅಂತ ಅಜ್ಜಿ ಕೇಳಿದರೆ, ತಂಪು ಗಂಟಲಿಗೆ ಹಿತ ಅಂತ ಹೇಳಿ. ಚಕ್ಕುಲಿ, ಕೋಡುಬಳೆ ಎರಡು ವಾರ ಡಬ್ಬದಲ್ಲೇ ಇರಲಿ.

ಎಚ್ಚರ ಬೇಕಾದ ದಿನಗಳು

ಮೊದಲ 24 ಗಂಟೆ, ಮತ್ತೆ ಪೊರೆ ಉದುರುವ 5ರಿಂದ 10ನೇ ದಿನ ರಕ್ತ ಬರುವ ಸಾಧ್ಯತೆ ಇರುತ್ತೆ. ಮಗು ಚೆನ್ನಾಗಿ ಆಡ್ತಿದೆ ಅಂತ ಆ ವಾರ ಜಾತ್ರೆ, ದೂರದ ಪ್ರಯಾಣ ಇಟ್ಕೋಬೇಡಿ.

ನಿದ್ದೆಯಲ್ಲಿ ಪದೇಪದೇ ನುಂಗುತ್ತಿದ್ದರೆ ಲೈಟ್ ಹಾಕಿ ಬಾಯಿ ನೋಡಿ. ಹಸಿ ಕೆಂಪು ರಕ್ತ ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ. ಮಗುವನ್ನ ಮುಂದಕ್ಕೆ ಬಾಗಿಸಿ ಕೂರಿಸಿ, ರಕ್ತ ಉಗಿಯಲು ಹೇಳಿ, ತಿನ್ನಲು ಏನೂ ಕೊಡದೆ 108ಕ್ಕೆ ಫೋನ್ ಮಾಡಿ. ಉಸಿರಾಡಲು ಕಷ್ಟವಾದರೂ, ದಿನವಿಡೀ ಮೂತ್ರವೇ ಆಗದಿದ್ದರೂ ತಡ ಮಾಡಬೇಡಿ.

ಡಿಸ್ಚಾರ್ಜ್ ದಿನವೇ ಎರಡು ವಿಷಯ ಕೇಳಿಟ್ಟುಕೊಳ್ಳಿ: ರಾತ್ರಿ ಯಾವ ನಂಬರ್‌ಗೆ ಫೋನ್ ಮಾಡೋದು, ಇಎನ್‌ಟಿ ಡಾಕ್ಟರ್ ಯಾವ ಆಸ್ಪತ್ರೆಯಲ್ಲಿ ಸಿಗ್ತಾರೆ.